ವೈಯಾವೃತ್ಯ: ನೋವಿಗೆ ನೆರಳಾಗುವ ತಪಸ್ಸು

ಕ್ಯಾನ್ಸರ್ ಉಲ್ಬಣಿಸಿದಾಗ ‘ಇನ್ನು ಮಾಡುವುದೇನೂ ಉಳಿದಿಲ್ಲ’ ಎಂದು ಮನೆಯವರು ಕೈಚೆಲ್ಲುವುದುಂಟು. ಜಿನಧರ್ಮವು ಈ ಮಾತನ್ನು ಒಪ್ಪುವುದಿಲ್ಲ. ರೋಗ ಗುಣವಾಗದಿದ್ದರೂ ರೋಗಿಯ ಸೇವೆ ಉಳಿದೇ ಇರುತ್ತದೆ. ಅದೇ ವೈಯಾವೃತ್ಯ. ತತ್ತ್ವಾರ್ಥಸೂತ್ರವು ಹೇಳುವ ಆರು ಅಂತರಂಗ ತಪಗಳಲ್ಲಿ ಇದೂ ಒಂದು.

ಇಂದಿನ ವೈದ್ಯರು ಉಪಶಾಮಕ ಆರೈಕೆ ಎನ್ನುವುದು ಈ ಭಾವಕ್ಕೆ ಹತ್ತಿರವಾದುದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ರೋಗಿಯ ನೋವು ದೇಹಕ್ಕಷ್ಟೇ ಸೇರಿದುದಲ್ಲ. ಮನಸ್ಸು, ಸಂಸಾರ, ಆತ್ಮಗಳಿಗೂ ಸೇರಿದುದೆಂದು ತಿಳಿಸಿದರು. ಈ ಆರೈಕೆ ಕೊನೆಯ ದಿನಗಳಿಗೆ ಮಾತ್ರ ಮೀಸಲಲ್ಲ. ರೋಗ ಪತ್ತೆಯಾದಾಗಿನಿಂದಲೇ ಚಿಕಿತ್ಸೆಯ ಜೊತೆಗೆ ನಡೆಯಬಲ್ಲದು. ಇದು ಸಲ್ಲೇಖನವೂ ಅಲ್ಲ. ಸಾವನ್ನು ಕರೆಯುವುದೂ ಇಲ್ಲ, ತಡೆಯುವುದೂ ಇಲ್ಲ.

ನೋವುಂಡರೆ ಕರ್ಮನಿರ್ಜರೆ ಎಂದು ಭಾವಿಸಿ, ರೋಗಿಗೆ ಮಾರ್ಫಿನ್ ಕೊಡಿಸಲು ಹಿಂಜರಿಯುವವರಿದ್ದಾರೆ. ಆದರೆ ವೇದನೆಯಲ್ಲೇ ಮುಳುಗಿದ ಚಿಂತನೆಯನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನವೆಂದು ಎಣಿಸಿದೆ. ನಿರ್ಜರೆಗೆ ಬೇಕಾದುದು ಸಮತಾಭಾವ, ನರಳಾಟವಲ್ಲ. ಸಹನೆಯು ತಾನಾಗಿ ಕೈಗೊಳ್ಳುವ ವ್ರತ. ಮತ್ತೊಬ್ಬರ ಮೇಲೆ ಹೊರಿಸುವ ಭಾರವಲ್ಲ. ವೈದ್ಯರ ಅಳತೆಯಂತೆ ಕೊಟ್ಟ ಔಷಧದಿಂದ ನೋವು ತಗ್ಗಿದರೆ, ಣಮೋಕಾರ ಮಂತ್ರದಲ್ಲಿ ಮನಸ್ಸು ನಿಲ್ಲಲು ಎಡೆಯಾದೀತು.

ಸಮಾಧಿಮರಣಕ್ಕೆ ಅಣಿಯಾದ ಕ್ಷಪಕನ ಸೇವೆಗೆ ಭಗವತೀ ಆರಾಧನೆಯು 48 ನಿರ್ಯಾಪಕರನ್ನು ಹೇಳುತ್ತದೆ. ಮಗ್ಗುಲು ಬದಲಿಸಲು ಕೆಲವರು, ಮಲಮೂತ್ರ ಶುಚಿಗೊಳಿಸಲು ಕೆಲವರು, ಧರ್ಮಕಥೆ ಹೇಳಲು ಕೆಲವರು. ವ್ರತಸ್ಥನಾದ ಮುನಿಗೇ ಇಷ್ಟೊಂದು ಕೈಗಳ ಆಸರೆ ಬೇಕಾದರೆ, ಹಾಸಿಗೆ ಹಿಡಿದ ಗೃಹಸ್ಥನನ್ನು ಒಂಟಿಯಾಗಿ ಬಿಡುವುದು ಹೇಗೆ? ಒಣಗಿದ ತುಟಿಯನ್ನು ತೇವಗೊಳಿಸುವ ಕೈ ಕೂಡ ತಪಸ್ಸಿನಲ್ಲಿಯೇ ತೊಡಗಿದೆ.