ಶೂನ್ಯದಲ್ಲಿ ಒಂಟಿ ಕಲ್ಲು

ಮೊನ್ನೆ ರಾತ್ರಿ ಜಗಲಿಯ ಮೇಲೆ ಕುಳಿತು ಮೊಮ್ಮಗಳಿಗೆ ನಕ್ಷತ್ರಗಳನ್ನು ತೋರಿಸುತ್ತಿದ್ದೆವು. ಅವಳು, “ತಾತಾ, ಸೂರ್ಯ, ಭೂಮಿ ಯಾವುದೂ ಇಲ್ಲದ ಆಕಾಶದಲ್ಲಿ ಒಂದೇ ಒಂದು ಕಲ್ಲಿದ್ದರೆ ಅದು ಎಲ್ಲಿಗೆ ಬೀಳುತ್ತದೆ?” ಎಂದು ಕೇಳಿದಳು. “ಎಲ್ಲಿಗೂ ಬೀಳದು, ಸೆಳೆಯಲು ಎರಡನೆಯ ವಸ್ತುವಿಲ್ಲದ ಕಡೆ ಗುರುತ್ವಾಕರ್ಷಣವೇ ಇರದು” ಎಂದೆವು. ಪಾಠಶಾಲೆಯಲ್ಲಿ ಬಹುಕಾಲ ನಾವು ಹೇಳಿಕೊಟ್ಟುದೂ ಇದನ್ನೇ. ಮಲಗಿದ ಮೇಲೆ ಯೋಚಿಸಿದಾಗ, ಆ ಉತ್ತರದಲ್ಲಿ ಅರ್ಧ ಮಾತ್ರವೇ ಸತ್ಯವೆಂದು ಹೊಳೆಯಿತು.

ಮೊದಲು ಸತ್ಯವಾದ ಅರ್ಧವನ್ನು ನೋಡೋಣ. ‘ಕೆಳಗೆ’ ಎಂಬುದು ಆಕಾಶದಲ್ಲಿ ಒಂದು ದಿಕ್ಕಲ್ಲ. ನಮ್ಮನ್ನು ಸೆಳೆಯುವ ಭೂಮಿಯ ಕೇಂದ್ರದ ಕಡೆಗೆ ನಾವಿಟ್ಟ ಹೆಸರು. ಸುತ್ತಲೂ ಆಕಾಶವು ಸಮವಾಗಿರುವಾಗ ಭೂಮಿಯು ತಾನೇ ಎಲ್ಲಿಗೆ ಬಿದ್ದೀತೆಂದು ಭಾಸ್ಕರಾಚಾರ್ಯರು ಕ್ರಿ. ಶ. ೧೧೫೦ರಲ್ಲಿ ರಚಿಸಿದ ‘ಸಿದ್ಧಾಂತಶಿರೋಮಣಿ’ಯಲ್ಲಿ ಕೇಳಿರುವರು. ಒಂಟಿ ಕಲ್ಲಿನ ಗತಿಯೂ ಅದೇ. ನಿಂತಿದ್ದರೆ ನಿಂತೇ ಇರುವುದು. ಚಲಿಸುತ್ತಿದ್ದರೆ ಅದೇ ವೇಗದಿಂದ ನೇರವಾಗಿ ಸಾಗುವುದು.

ಇನ್ನು ನಾವು ತಪ್ಪಿದ ಅರ್ಧ. ಕಲ್ಲನ್ನು ಒಂದೆಂದು ಎಣಿಸಿದುದೇ ನಮ್ಮ ತಪ್ಪು; ಅದು ಅಸಂಖ್ಯ ಕಣಗಳ ಕೂಟ. ನ್ಯೂಟನ್ ಪಂಡಿತನು ೧೬೮೭ರಲ್ಲಿ ಪ್ರಕಟಿಸಿದ ನಿಯಮದಂತೆ ಪ್ರತಿಯೊಂದು ಕಣವೂ ಉಳಿದ ಪ್ರತಿಯೊಂದನ್ನೂ ಸೆಳೆಯುವುದು. ಜೋಡಿಜೋಡಿಯಾದ ಈ ಸೆಳೆತಗಳು ಸಮಬಲವುಳ್ಳವೂ ಎದುರುಮುಖವಾದವೂ ಆಗಿರುವುದರಿಂದ ಕಲ್ಲು ಇಡಿಯಾಗಿ ಕದಲದು. ಆದರೆ ಎಲ್ಲ ಕಡೆಯಿಂದಲೂ ಒಳಕ್ಕೆ ಅದುಮಿಕೊಳ್ಳುವುದು.

ಸಣ್ಣ ಕಲ್ಲಿನಲ್ಲಿ ಈ ಬಲವು ಅತ್ಯಲ್ಪ; ಕಲ್ಲಿನ ಗಡಸುತನವೇ ಗೆಲ್ಲುವುದು. ೨೦೦೫ರಲ್ಲಿ ಜಪಾನಿನ ಹಯಬುಸಾ ನೌಕೆಯು ತಲುಪಿದ ಇಟೊಕಾವಾ ಎಂಬ ಕ್ಷುದ್ರಗ್ರಹವು ಸುಮಾರು ಅರ್ಧ ಕಿಲೋಮೀಟರು ಉದ್ದದ ಕಲ್ಲುರಾಶಿ. ಗಾರೆಯಿಲ್ಲ, ಹಗ್ಗವಿಲ್ಲ, ಪರಸ್ಪರಾಕರ್ಷಣವೇ ಅದನ್ನು ಚೆದರದಂತೆ ಹಿಡಿದಿದೆ. ಆಕಾರ ಮಾತ್ರ ವಕ್ರ. ಸುಮಾರು ೯೪೦ ಕಿಲೋಮೀಟರು ವ್ಯಾಸವುಳ್ಳ ಸೀರಿಸ್‌ನಲ್ಲಿಯಾದರೋ ಆಕರ್ಷಣವು ಗಡಸುತನವನ್ನು ಗೆದ್ದು, ಅದನ್ನು ಹೆಚ್ಚುಕಡಮೆ ಗುಂಡಗೆ ಮಾಡಿದೆ. ನಮ್ಮ ಭೂಮಿಯು ಗುಂಡಾದುದೂ ಹೀಗೆಯೇ. ಇವೆಲ್ಲ ಸೂರ್ಯನನ್ನು ಸುತ್ತುವುವು ನಿಜ. ಆದರೂ ತಮ್ಮನ್ನು ತಾವು ಕೂಡಿಸಿ ಹಿಡಿದಿರುವುದು ಸ್ವಂತ ಸೆಳೆತದಿಂದಲೇ.

ಆ ಸೆಳೆತವು ಹೊರಗೂ ಹರಡಿರುವುದು. ಶೂನ್ಯದೊಳಕ್ಕೆ ಒಂದು ಧೂಳಿನ ಕಣವು ಬಂದಿತೆನ್ನಿ. ಅದಕ್ಕೆ ಆ ಕ್ಷಣದಿಂದ ಕಲ್ಲಿರುವ ಕಡೆಯೇ ‘ಕೆಳಗೆ’.

ಬೆಳಗ್ಗೆ ಇದನ್ನು ತಿಳಿಸಿದಾಗ ಮೊಮ್ಮಗಳು, “ಹಾಗಾದರೆ ಕಲ್ಲು ತನ್ನೊಳಕ್ಕೇ ಬೀಳಲು ನೋಡುತ್ತದೆ, ಅಲ್ಲವೆ ತಾತಾ?” ಎಂದಳು. ನಾವು ಮೂವತ್ತು ವರ್ಷ ಹೇಳಿದುದಕ್ಕಿಂತ ಆ ಮಾತು ಮೇಲು. ನಮ್ಮ ಹಳೆಯ ಶಿಷ್ಯರು ಯಾರಾದರೂ ಇದನ್ನು ಓದಿದಲ್ಲಿ, ಅಂದಿನ ಪಾಠವನ್ನು ತಿದ್ದಿಕೊಂಡು ತಮ್ಮ ಮಕ್ಕಳಿಗೆ ಪೂರ್ಣವಾದ ಉತ್ತರವನ್ನೇ ಹೇಳಬೇಕೆಂದು ಬೇಡುವೆವು.