ಬೆಟ್ಟವೇರಿ ಬದುಕಿದ ಹಕ್ಕಿಗಳು

ಹವಾಯಿ ದ್ವೀಪಗಳಿಗೆ ದಶಲಕ್ಷಗಟ್ಟಲೆ ವರ್ಷಗಳ ಹಿಂದೆ ಬಂದು ನೆಲೆಸಿದ ಫಿಂಚ್ ಹಕ್ಕಿಗಳಿಂದ 50ಕ್ಕೂ ಹೆಚ್ಚು ಪ್ರಭೇದಗಳು ವಿಕಾಸವಾದವು. ಇವೇ ಹನಿಕ್ರೀಪರ್‌ಗಳು. ಮಕರಂದ ಹೀರುವ ಇಈವಿಯ ಕೊಕ್ಕು ಉದ್ದವಾಗಿ ಬಾಗಿದೆ. ಬೀಜ ತಿನ್ನುವ ಪಲೀಲದ ಕೊಕ್ಕು ದಪ್ಪ. ಆಹಾರಕ್ಕೆ ತಕ್ಕ ಹೊಂದಾಣಿಕೆಗೆ ಇದು ಉತ್ತಮ ನಿದರ್ಶನ.

ಆದರೆ ಆ ದ್ವೀಪಗಳಲ್ಲಿ ಸೊಳ್ಳೆಗಳೇ ಇರಲಿಲ್ಲ. 1826ರ ಸುಮಾರಿಗೆ ಹಡಗುಗಳ ಮೂಲಕ ಕ್ಯೂಲೆಕ್ಸ್ ಸೊಳ್ಳೆ ಅಲ್ಲಿಗೆ ತಲುಪಿತು. ನಮ್ಮಲ್ಲಿ ಆನೆಕಾಲು ರೋಗ ಹರಡುವ ಸೊಳ್ಳೆಯೂ ಇದೇ. ಅನಂತರ ಪಕ್ಷಿ ಮಲೇರಿಯದ ಪರಾವಲಂಬಿಯೂ ಸೇರಿಕೊಂಡಿತು. ಈ ಪರಾವಲಂಬಿಯನ್ನು ಎಂದೂ ಎದುರಿಸದಿದ್ದ ಹಕ್ಕಿಗಳು ತಗ್ಗಿನ ಕಾಡುಗಳಲ್ಲಿ ಸತ್ತವು. ಸೋಂಕು ತಗಲಿದ ಇಈವಿಗಳಲ್ಲಿ ಬಹುಪಾಲು ಬದುಕುವುದಿಲ್ಲ.

ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಸೊಳ್ಳೆಯ ದೇಹದೊಳಗೆ ಈ ಪರಾವಲಂಬಿ ಬೆಳೆಯಲಾರದು. ಆದ್ದರಿಂದ ಸುಮಾರು 1500 ಮೀಟರ್‌ಗೂ ಮೇಲಿನ ತಂಪಾದ ಕಾಡುಗಳು ಹಕ್ಕಿಗಳಿಗೆ ಆಸರೆಯಾದವು.

ಅಮಾಕಿಹಿ ಎಂಬ ಹನಿಕ್ರೀಪರ್‌ನ ಕಥೆ ಬೇರೆ. ರೋಗವನ್ನು ತಾಳಿಕೊಳ್ಳುವ ಆನುವಂಶಿಕ ಗುಣವಿದ್ದ ಹಕ್ಕಿಗಳು ಉಳಿದು ಸಂತಾನ ಬೆಳೆಸಿದವು. ಹವಾಯಿ ದ್ವೀಪದ ತಗ್ಗು ಪ್ರದೇಶಗಳಲ್ಲಿ ಅವು ಮತ್ತೆ ಕಾಣಿಸಿಕೊಂಡವು. ಆದರೆ ಗಮನಿಸಿ: ಇದು ಸಹಿಷ್ಣುತೆಯೇ ಹೊರತು ರೋಗಮುಕ್ತಿಯಲ್ಲ. ಪರಾವಲಂಬಿ ಅವುಗಳ ರಕ್ತದಲ್ಲೇ ಉಳಿದು, ಸೊಳ್ಳೆಯ ಮೂಲಕ ಇತರ ಹಕ್ಕಿಗಳಿಗೆ ಹರಡುತ್ತದೆ. ಒಂದು ಪ್ರಭೇದದ ಹೊಂದಾಣಿಕೆ ಇನ್ನೊಂದಕ್ಕೆ ಅಪಾಯವಾಗಬಹುದು.

ಭೂಮಿ ಬಿಸಿಯಾದಂತೆ ಸೊಳ್ಳೆಗಳು ಮೇಲೇರುತ್ತಿವೆ. ಬೆಟ್ಟದ ತುದಿಯಿಂದಾಚೆಗೆ ಹಕ್ಕಿಗಳಿಗೆ ಜಾಗವಿಲ್ಲ. ಹೀಗಾಗಿ 2023ರಿಂದ ಮಾವಿ ದ್ವೀಪದಲ್ಲಿ, ಅಲ್ಲಿನ ಸೊಳ್ಳೆಗಳಿಗೆ ಹೊಂದದ ವೊಲ್ಬಾಕಿಯ ಬ್ಯಾಕ್ಟೀರಿಯವಿರುವ ಗಂಡು ಸೊಳ್ಳೆಗಳನ್ನು ಬಿಡಲಾಗುತ್ತಿದೆ. ಅವುಗಳೊಡನೆ ಕೂಡಿದ ಹೆಣ್ಣುಗಳ ಮೊಟ್ಟೆ ಒಡೆಯುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದೂ ಇಲ್ಲ. ಹೊಂದಿಕೊಳ್ಳಲು ಹಕ್ಕಿಗಳಿಗೆ ಹಲವು ಪೀಳಿಗೆಗಳು ಬೇಕು. ಆ ಕಾಲಾವಕಾಶ ಒದಗಿಸುವುದೇ ಈ ಪ್ರಯತ್ನದ ಉದ್ದೇಶ.