ಗಾಜಿನೊಳಗಿನ ಕಾಡುಕೋಳಿ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಪುಣಜನೂರನ್ನು ದಾಟಿದೊಡನೆ ಕಾಡು ದಾರಿಯ ಎರಡು ಮಗ್ಗುಲನ್ನೂ ಕವಿದುಕೊಳ್ಳುತ್ತದೆ. ಅಲ್ಲಿನ ಬಿದಿರುಮೆಳೆಗಳ ಅಂಚಿನಲ್ಲಿ ತರಗೆಲೆ ಕೆದಕುವ ಬೂದು ಕಾಡುಕೋಳಿಗೂ, ಸಾವಿರಾರು ಮೈಲಿಯಾಚೆಯ ಸ್ಕಾಟ್ಲೆಂಡಿನ ಹೊಳೆಗಳಿಗೂ ಹಳೆಯ ನಂಟೊಂದುಂಟೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಆ ನಂಟಿನ ಎಳೆಯೇ ಹುಂಜದ ಕೊರಳಿನ ಗರಿ.

ಈ ಗರಿಯ ನಡುದಂಟು ಅಲ್ಲಲ್ಲಿ ಚಪ್ಪಟೆಯಾಗಿ ಹರಡಿ, ಮೇಣದ ಹನಿ ಹೆಪ್ಪುಗಟ್ಟಿದಂತೆ ಬಿಳಿ ಹಳದಿಯ ಹೊಳೆಯುವ ಬೊಟ್ಟುಗಳಾಗಿರುತ್ತದೆ. ನೀರಿನಲ್ಲಿ ನೆನೆದರೂ ಅದರ ಹೊಳಪು ಮಾಸದು. ಸಾಲ್ಮನ್ ಮೀನಿನ ಗಾಳಕ್ಕೆ ರೇಷ್ಮೆ, ಜರಿ, ಬಣ್ಣದ ಪುಕ್ಕಗಳನ್ನು ಸುತ್ತಿ ‘ಫ್ಲೈ’ ಎಂಬ ಹುಸಿನೊಣವನ್ನು ಕಟ್ಟುತ್ತಿದ್ದ ಆಂಗ್ಲರು ಈ ಬೊಟ್ಟನ್ನು ಅದರ ಕೆನ್ನೆಗೆ ಕಣ್ಣಿನಂತೆ ಅಳವಡಿಸಿದರು. ‘ಜಾಕ್ ಸ್ಕಾಟ್’ ಎಂಬ ಪ್ರಸಿದ್ಧ ಫ್ಲೈಯಲ್ಲಿ ಇದನ್ನು ಕಾಣಬಹುದು. ಇಂಥವನ್ನು ಕಟ್ಟುವ ಬಗೆಯನ್ನು ವಿವರಿಸುವ ಕೆಲ್ಸನ್‌ರ ‘ದಿ ಸಾಲ್ಮನ್ ಫ್ಲೈ’ ಎಂಬ ಗ್ರಂಥ 1895ರಲ್ಲಿ ಹೊರಬಂದಿತು. ನೊಣಕ್ಕೂ ಇದಕ್ಕೂ ಸಂಬಂಧ ಹೆಸರಿನಲ್ಲಿ ಮಾತ್ರ. ಮೊಟ್ಟೆಯಿಡಲು ಕಡಲಿನಿಂದ ಹೊಳೆಗೇರುವ ಸಾಲ್ಮನ್ ಅಲ್ಲಿ ಆಹಾರವನ್ನೇ ಮುಟ್ಟದಾದ್ದರಿಂದ, ಹಸಿವಿಗಿಂತ ಅದರ ಕೆರಳಿಕೆಯನ್ನೇ ನೆಚ್ಚಿ ಇಷ್ಟೆಲ್ಲ ಥಳುಕು!

ನಮ್ಮ ನಾಡಿಗೂ ಈ ವಿದ್ಯೆ ಹೊಸತಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಗಾಳದ ಮೀನುಗಾರಿಕೆಯನ್ನು ಕುರಿತು ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಆದರೆ ಕಾವೇರಿಯ ದೊಡ್ಡ ಮಹಶೀರ್ ಮೀನಿಗೆ ಜರಿಯ ಬೆಡಗಿಗಿಂತ ರಾಗಿಹಿಟ್ಟಿನ ಉಂಡೆಯೇ ಹೆಚ್ಚು ಪ್ರಿಯವಾಯಿತು!

ಇಂದು ಹಳೆಯ ಫ್ಲೈಗಳು ಹೊಳೆಯನ್ನು ಬಿಟ್ಟು ಗೋಡೆಯನ್ನೇರಿವೆ. ಯಾರದೋ ಅಜ್ಜನ ಪೆಟ್ಟಿಗೆಯಲ್ಲಿ ದೊರೆತ ಇಂಥ ವಸ್ತುವನ್ನು ಮನೆಯಲ್ಲಿ ಅಂದವಾಗಿಡಬೇಕೆಂದರೆ, ದೇವರ ಪಟಕ್ಕೆ ಹಾಕಿಸುವ ಕಟ್ಟು ಸಾಲದು. ಅದರಲ್ಲಿ ಗಾಜು ಪಟವನ್ನು ಒತ್ತುತ್ತದೆ, ಗರಿಗಳು ಮುರುಟುತ್ತವೆ. ಗಾಜಿಗೂ ಹಿಂಬದಿಯ ರಟ್ಟಿಗೂ ನಡುವೆ ಒಂದೆರಡು ಅಂಗುಲ ತೆರವಿರುವ ಆಳವಾದ ಪೆಟ್ಟಿಗೆ ಬೇಕು. ರಟ್ಟು ಆಮ್ಲರಹಿತವಾಗಿರಲಿ, ಅಗ್ಗದ ರಟ್ಟು ಕಾಲಕ್ರಮೇಣ ಹಳದಿಯಾಗಿ ತಾನು ತಾಗಿದ್ದನ್ನೂ ಕೆಡಿಸುತ್ತದೆ. ಫ್ಲೈಯನ್ನು ಅಂಟಿನಿಂದ ಹಚ್ಚಬಾರದು. ಕೊಕ್ಕೆಯ ಬಾಗನ್ನು ಸಣ್ಣ ದಾರದಿಂದ ರಟ್ಟಿಗೆ ಹೊಲಿದು ಹಿಂದೆ ಗಂಟು ಹಾಕಿದರೆ ಬೇಕಾದಾಗ ಬಿಡಿಸಬಹುದು.

ಗರಿಗೆ ಮೂವರು ಹಗೆಗಳು: ಬಿಸಿಲು, ತೇವ, ಹುಳು. ಆದುದರಿಂದ ಕಿಟಕಿಗೆ ಎದುರಾದ ಗೋಡೆ ಬೇಡ. ಮಳೆಗಾಲದಲ್ಲಿ ಗೋಡೆಯ ತೇವ ಕೊಕ್ಕೆಗೆ ತುಕ್ಕು ಹಿಡಿಸದಂತೆ ಕಟ್ಟಿನ ಹಿಂದಿನ ಮೂಲೆಗಳಿಗೆ ಬಿರಡೆಯ ಬಿಲ್ಲೆಗಳನ್ನು ಅಂಟಿಸಿ ಗಾಳಿಯಾಡಲು ಬಿಡಬೇಕು. ಹಳೆಯ ಗರಿಯಲ್ಲಿ ಹುಳುವಿನ ಮೊಟ್ಟೆ ಇದ್ದೀತೆಂಬ ಶಂಕೆಯಿದ್ದರೆ, ಕಟ್ಟು ಹಾಕುವ ಮುನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿರಿಸುವುದು ಲೇಸು.

ಆದರೆ ಗೃಹಾಲಂಕಾರದ ಉತ್ಸಾಹದಲ್ಲಿ ಮರೆಯಬಾರದ ಮಾತೊಂದಿದೆ. ಒಂದು ಫ್ಲೈಗೆ ಎರಡೇ ಗರಿ ಸಾಕಾದರೂ, ಮಾರಾಟಕ್ಕೆ ಹೋಗುತ್ತಿದ್ದುದು ಕೊಂದ ಹಕ್ಕಿಯ ಇಡೀ ಕೊರಳಿನ ಚರ್ಮ. 1902ರಲ್ಲೇ ಅಂದಿನ ಭಾರತ ಸರ್ಕಾರ ಕಾಡುಹಕ್ಕಿಗಳ ಗರಿ, ಚರ್ಮಗಳ ರಫ್ತನ್ನು ನಿಷೇಧಿಸಿದರೂ ಕಳ್ಳಸಾಗಣೆ ನಿಲ್ಲಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಬೇಟೆಗೆ ತಡೆಯೊಡ್ಡಿತು. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಇಂಗ್ಲೆಂಡಿನಲ್ಲಿ ಈಗ ಗರಿಗಾಗಿಯೇ ಈ ಕೋಳಿಯನ್ನು ಸಾಕುವವರಿದ್ದಾರೆ; ಊರಹುಂಜದ ಗರಿಗೆ ಬೊಟ್ಟು ಬರೆದು ತೃಪ್ತರಾಗುವವರೂ ಇದ್ದಾರೆ.

ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಪರದೇಶದವರು ಗಾಜಿನೊಳಗಿಟ್ಟು ಮೆಚ್ಚಿದ ಚೆಲುವನ್ನು ನಾವು ಬೇಲಿಯಂಚಿನಲ್ಲಿ ಕಂಡೂ ಕಾಣದಂತಿದ್ದೆವು. ಅಜ್ಜನ ಪೆಟ್ಟಿಗೆಯ ಹಳೆಯ ಫ್ಲೈಗೆ ಧಾರಾಳವಾಗಿ ಕಟ್ಟು ಹಾಕಿಸೋಣ. ಹೊಸ ಗರಿ ಮಾತ್ರ ಹುಂಜದ ಕೊರಳಲ್ಲೇ ಉಳಿಯಲಿ. ಅಲ್ಲಿ ಅದಕ್ಕೆ ಬಿಸಿಲೂ ಮಳೆಯೂ ಹಗೆಗಳಲ್ಲ.